ಸಶೇಷ ಎಂಬ ಸಾಲ

ಧಾರಾವಾಹಿಯ ಕಂತಿನ ಕೊನೆಯಲ್ಲಿ, ಆವರಣದೊಳಗೆ, 'ಸಶೇಷ' ಎಂದು ಅಚ್ಚು ಹಾಕುವ ಪದ್ಧತಿಯನ್ನು ನಮ್ಮ ಪತ್ರಿಕೆಗಳಿಗೆ ಕಲಿಸಿದವರು ಯಾರೇ ಇರಲಿ, ಅವರಿಗೆ ಭಾಷೆಯ ಮರ್ಮ ಚೆನ್ನಾಗಿ ಗೊತ್ತಿದ್ದಿರಬೇಕು. 'ಮುಂದುವರಿಯುವುದು' ಎಂಬುದು ಬರಿಯ ಸೂಚನೆ. ಅದರಲ್ಲಿ ರೈಲ್ವೆ ವೇಳಾಪಟ್ಟಿಯ ದನಿಯಿದೆ. 'ಸಶೇಷ' ಹಾಗಲ್ಲ. ಬಾಕಿ ಉಳಿದಿದೆ ಎಂದು ಅದು ಒಪ್ಪಿಕೊಳ್ಳುತ್ತದೆ. ಉಳಿಸಬಾರದ ಶೇಷಗಳೆಂದು ನಮ್ಮ ಹಿರಿಯರು ಹೇಳಿದ ಪಟ್ಟಿಯಲ್ಲಿ ಬೆಂಕಿ ಮತ್ತು ಹಗೆಯ ಜತೆಗೆ ಸಾಲವೂ ಇದೆಯಷ್ಟೆ. ಓದುಗನ ಕುತೂಹಲವನ್ನು ಒಂದು ವಾರದ ಮಟ್ಟಿಗೆ ಕಡ ಪಡೆದ ಲೇಖಕ ಬರೆದುಕೊಡುವ ಕೈಪತ್ರ ಆ ಮೂರಕ್ಷರ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 1965ರಲ್ಲಿ ಆರಂಭವಾದ 'ಸುಧಾ', 1983ರಲ್ಲಿ ಬಂದ 'ತರಂಗ' ಮುಂತಾದ ವಾರಪತ್ರಿಕೆಗಳನ್ನು, ಮನೆಯಲ್ಲಿ ಯಾರು ಮೊದಲು ಓದಬೇಕೆಂಬ ಜಗಳದ ನಡುವೆ ಓದಿ ಬೆಳೆದ ತಲೆಮಾರು ನನ್ನದು. ಅದೇ ಕಂತಿನ ಕಾದಂಬರಿ ಈಗ ಮೊಬೈಲ್ ಫೋನಿನ ಪರದೆಗೆ ಬಂದಿದೆ. ಗೃಹಿಣಿಯರು, ಬ್ಯಾಂಕ್ ನೌಕರರು, ಕಾಲೇಜು ವಿದ್ಯಾರ್ಥಿಗಳು ಕನ್ನಡದಲ್ಲಿ ನೂರಾರು ಕಂತುಗಳ ಕಥೆಗಳನ್ನು ಬರೆಯುತ್ತಿದ್ದಾರೆ. ಬಸ್ಸಿನಲ್ಲಿ, ಮೆಟ್ರೊದಲ್ಲಿ ಕುಳಿತವರು ಓದುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಕೆಲವೆಡೆ ಮುಂದಿನ ಕಂತು ತೆರೆಯಬೇಕಾದರೆ ಓದುಗ ಹಣ ತೆರಬೇಕು. ಹೀಗಾಗಿ ಕಂತಿನ ಕೊನೆಯ ಸಾಲು ನೇರವಾಗಿ ಗಲ್ಲಾಪೆಟ್ಟಿಗೆಗೆ ತಗುಲಿಕೊಂಡಿದೆ. ನನಗೆ ಪರಿಚಯದ ತರುಣ ಲೇಖಕಿಯೊಬ್ಬರು ಬರೆದ ಆರು ಕಂತುಗಳನ್ನು, ಕೊನೆಯಲ್ಲಿ 'ಜರ್ಕ್' ಇಲ್ಲವೆಂಬ ಒಂದೇ ಕಾರಣಕ್ಕೆ ಹಿಂದಿರುಗಿಸಲಾಯಿತು. ಬಾಗಿಲು ಬಡಿದ ಸದ್ದು, ಅಪರಿಚಿತ ಸಂಖ್ಯೆಯಿಂದ ಕರೆ, ರಸ್ತೆ ಅಪಘಾತ, ಇವುಗಳಲ್ಲಿ ಯಾವುದಾದರೂ ಒಂದನ್ನು ಸೇರಿಸಿ ಎಂಬ ಸಲಹೆಯೂ ಜತೆಗಿತ್ತು. ಆಕೆ ಮೂರನ್ನೂ ಸೇರಿಸಿದರು. ಕಥೆ ಅಂಗೀಕಾರವಾಯಿತು. ಅದರ ನಾಯಕಿ ಈಗ ಯಾರೆಂದು ಬರೆದವರಿಗೇ ತಿಳಿಯದಂತಾಗಿದೆ.

ಕುತೂಹಲ ಹುಟ್ಟಬೇಕಾದರೆ ಏನನ್ನಾದರೂ ಮುಚ್ಚಿಡಬೇಕು ಎಂಬ ನಂಬಿಕೆ ಈ ಸಲಹೆಗಳ ಹಿಂದಿದೆ. ಬಾಗಿಲು ಬಡಿದವರು ಯಾರು? ಕರೆ ಮಾಡಿದವರು ಯಾರು? ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧವಾದುದು. ಒಳ್ಳೆಯ ಕಂತು ಓದುಗನಿಂದ ಏನನ್ನೋ ಬಚ್ಚಿಟ್ಟು ಮುಗಿಯುವುದಿಲ್ಲ. ಅವನು ಒಂದು ವಾರ ಹೊತ್ತು ತಿರುಗಲಾಗದಷ್ಟು ಭಾರವಾದುದೇನನ್ನೋ ಅವನ ಕೈಗಿತ್ತು ಮುಗಿಯುತ್ತದೆ.

ಈ ತಂತ್ರಕ್ಕೆ ಇಂಗ್ಲಿಷಿನಲ್ಲಿ 'ಕ್ಲಿಫ್‌ಹ್ಯಾಂಗರ್' ಎಂಬ ಹೆಸರಿದೆ. ಅದು ಚಾಲ್ತಿಗೆ ಬಂದದ್ದು 1930ರ ದಶಕದ ಅಮೆರಿಕದಲ್ಲಾದರೂ, ಆ ಹೆಸರಿಗೆ ತಕ್ಕ ದೃಶ್ಯ ಅದಕ್ಕಿಂತ ಅರವತ್ತು ವರ್ಷ ಹಿಂದೆಯೇ ಬರೆಯಲ್ಪಟ್ಟಿತ್ತು. ಥಾಮಸ್ ಹಾರ್ಡಿಯ 'ಎ ಪೇರ್ ಆಫ್ ಬ್ಲೂ ಐಸ್' ಕಾದಂಬರಿ ಲಂಡನ್ನಿನ 'ಟಿನ್ಸ್‌ಲೀಸ್ ಮ್ಯಾಗಜೀನ್'ನಲ್ಲಿ 1872ರ ಸೆಪ್ಟೆಂಬರಿನಿಂದ 1873ರ ಜುಲೈವರೆಗೆ ತಿಂಗಳ ಕಂತುಗಳಲ್ಲಿ ಪ್ರಕಟವಾಯಿತು. ಕಾರ್ನ್‌ವಾಲ್‌ನ ಕಡಲಂಚಿನ ಕಡಿದಾದ ಬಂಡೆಯೊಂದರ ಮೇಲೆ ಹೆನ್ರಿ ನೈಟ್ ಎಂಬ ವಿಮರ್ಶಕ ಗಾಳಿಗೆ ಹಾರಿದ ಟೋಪಿಯನ್ನು ಹಿಡಿಯಹೋಗಿ ಜಾರುತ್ತಾನೆ. ನೆರವಿಗೆ ಬಂದ ಎಲ್ಫ್ರೀಡ್ ಕೂಡ ಸಿಕ್ಕಿಬೀಳುತ್ತಾಳೆ. ಅವನು ಅವಳನ್ನು ಮೇಲೆ ಹತ್ತಿಸುವಷ್ಟರಲ್ಲಿ ಅವನ ಕಾಲ್ಕೆಳಗಿನ ಆಸರೆ ಕುಸಿದು, ಬರಿಗೈಯಲ್ಲಿ ಪ್ರಪಾತದ ಮೇಲೆ ನೇತಾಡತೊಡಗುತ್ತಾನೆ. (ಈ ನೈಟ್ ಹಿಂದೆ ಎಲ್ಫ್ರೀಡ್ ಬರೆದ ಕಾದಂಬರಿಯನ್ನು ಪತ್ರಿಕೆಯಲ್ಲಿ ಕಟುವಾಗಿ ವಿಮರ್ಶಿಸಿದ್ದವನು. ವಿಮರ್ಶಕನನ್ನು ಬಂಡೆಗೆ ನೇತುಹಾಕಿ ಒಂದು ತಿಂಗಳು ಬಿಡುವ ಆಸೆ ಯಾವ ಲೇಖಕನಿಗಿಲ್ಲ!)

ಹಾರ್ಡಿ ಇಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಬಂಡೆ ಎಷ್ಟು ಕಡಿದು, ಗಾಳಿ ಎತ್ತ ಬೀಸುತ್ತಿದೆ, ಮಳೆ ಹೇಗೆ ಕೆಳಗಿನಿಂದ ಮೇಲಕ್ಕೆ ಹೊಡೆಯುತ್ತಿದೆ, ಎಲ್ಲವೂ ನಮಗೆ ತಿಳಿದಿದೆ. ಇನ್ನೂ ಹೆಚ್ಚಿನದೊಂದು ನಮಗೆ ಗೊತ್ತು. ಅದು ನೈಟ್‌ಗೆ ಗೊತ್ತಿಲ್ಲ. ಎಲ್ಫ್ರೀಡ್ ಆ ದಿನ ದುರ್ಬೀನು ಹಿಡಿದು ಬಂಡೆಯ ಮೇಲೆ ಬಂದದ್ದು ದೂರದೇಶದಿಂದ ಮರಳುತ್ತಿರುವ ಸ್ಟೀಫನ್ ಸ್ಮಿತ್‌ನ ಹಡಗನ್ನು ನೋಡಲಿಕ್ಕೆ. ಸ್ಟೀಫನ್‌ಗೆ ಅವಳು ಗುಟ್ಟಾಗಿ ಮಾತು ಕೊಟ್ಟಿದ್ದಾಳೆ. ಅಂದರೆ ಒಬ್ಬನಿಗೆ ಮಾತು ಕೊಟ್ಟವಳು ಇನ್ನೊಬ್ಬನ ಜೀವ ಉಳಿಸಬೇಕಾಗಿದೆ. ಕೆಳಗೆ ಕಡಲಿನಲ್ಲಿ ಮೊದಲನೆಯವನ ಹಡಗು ಸಾಗುತ್ತಿದೆ. ನೈಟ್ ಬದುಕುತ್ತಾನೆಯೇ ಎಂಬ ಪ್ರಶ್ನೆಗಿಂತ, ಬದುಕಿದರೆ ಎಲ್ಫ್ರೀಡ್‌ಳ ಮಾತಿನ ಗತಿಯೇನು ಎಂಬುದು ದೊಡ್ಡ ಪ್ರಶ್ನೆ. ಮೊದಲನೆಯದಕ್ಕೆ ಮುಂದಿನ ಕಂತು ಉತ್ತರಿಸಿಬಿಡುತ್ತದೆ. ಎರಡನೆಯದು ಇಡೀ ಕಾದಂಬರಿಯನ್ನೇ ನುಂಗುತ್ತದೆ.

ಆ ಸಾಲವನ್ನು ಹಾರ್ಡಿ ತೀರಿಸಿದ ಬಗೆಯೂ ನೋಡತಕ್ಕದ್ದು. ನೇತಾಡುತ್ತಿರುವ ನೈಟ್‌ನ ಕಣ್ಣೆದುರು ಬಂಡೆಯಲ್ಲಿ ಹುದುಗಿರುವ ಟ್ರೈಲೊಬೈಟ್ ಎಂಬ ಪುರಾತನ ಜಲಚರದ ಪಳೆಯುಳಿಕೆಯಿದೆ. ಕಲ್ಲಾಗಿ ಹೋದ ಅದರ ಕಣ್ಣುಗಳು ಅವನನ್ನೇ ನೋಡುತ್ತಿರುವಂತಿವೆ. ಸಾವಿನ ಅಂಚಿನಲ್ಲಿರುವ ಮನುಷ್ಯ, ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಜೀವಿಯೊಂದನ್ನು ನೋಡುತ್ತಾ, ಭೂಮಿಯ ಚರಿತ್ರೆಯನ್ನೆಲ್ಲ ಕ್ಷಣಗಳಲ್ಲಿ ಹಾದುಹೋಗುತ್ತಾನೆ. ಕಾದು ಬಂದ ಓದುಗನಿಗೆ ಅಸಲಿನ ಮೇಲೆ ಸಿಕ್ಕ ಬಡ್ಡಿಯಿದು. ಅಸಲು ಕೂಡ ಹೊರಗಿನಿಂದ ಬಂದುದಲ್ಲ. ಬೆಸ್ತರ ದೋಣಿಯೊಂದು ಹಠಾತ್ತನೆ ಕಾಣಿಸಿಕೊಳ್ಳುವುದಿಲ್ಲ. ಎಲ್ಫ್ರೀಡ್ ಮರೆಗೆ ಹೋಗಿ, ತನ್ನ ಒಳಉಡುಪುಗಳನ್ನು ಹರಿದು, ಹೊಸೆದು, ಹಗ್ಗ ಮಾಡಿ ತರುತ್ತಾಳೆ. ಬಿಡುಗಡೆಯ ಸಾಮಗ್ರಿ ಆ ದೃಶ್ಯದಲ್ಲೇ ಇತ್ತು. ನಮಗೆ ಹೊಳೆದಿರಲಿಲ್ಲ, ಅಷ್ಟೆ. ಮೇಲೆ ಬಂದ ನೈಟ್ ಅವಳನ್ನು ಅಪ್ಪಿಕೊಳ್ಳುತ್ತಾನೆ. ಕಡಲಿನ ಮೇಲಿನ ಹಡಗನ್ನು ಅವಳು ಮರೆತಿದ್ದಾಳೆ.

ಹಾರ್ಡಿಗಿಂತ ಹನ್ನೆರಡು ವರ್ಷ ಮೊದಲು, 1859ರ ನವೆಂಬರಿನಿಂದ ಡಿಕೆನ್ಸನ 'ಆಲ್ ದಿ ಇಯರ್ ರೌಂಡ್' ವಾರಪತ್ರಿಕೆಯಲ್ಲಿ ವಿಲ್ಕಿ ಕಾಲಿನ್ಸ್ ಬರೆದ 'ದಿ ವುಮನ್ ಇನ್ ವೈಟ್' ಇದೇ ಗುಟ್ಟನ್ನು ಬೇರೆ ರೀತಿಯಲ್ಲಿ ತೋರಿಸುತ್ತದೆ. ನಡುರಾತ್ರಿ ಲಂಡನ್ನಿನ ಹೊರವಲಯದ ರಸ್ತೆಯಲ್ಲಿ ಬಿಳಿಯುಡುಪಿನ ಹೆಂಗಸೊಬ್ಬಳು ಚಿತ್ರಕಲಾ ಶಿಕ್ಷಕನೊಬ್ಬನ ಹೆಗಲು ಮುಟ್ಟಿ ದಾರಿ ಕೇಳುತ್ತಾಳೆ. ಅವನು ನೆರವಾಗಿ ಅವಳನ್ನು ಗಾಡಿ ಹತ್ತಿಸುತ್ತಾನೆ. ಆಮೇಲಷ್ಟೇ, ಅವಳು ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡವಳೆಂದು ಅವಳನ್ನು ಹುಡುಕಿಕೊಂಡು ಬಂದವರ ಬಾಯಿಂದ ಅವನಿಗೆ ತಿಳಿಯುತ್ತದೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ಆಧುನಿಕ ಸಲಹೆಗಾರರಾದರೆ ಅಧ್ಯಾಯವನ್ನು ಹೆಗಲು ಮುಟ್ಟಿದಲ್ಲಿಗೇ ಕತ್ತರಿಸುತ್ತಿದ್ದರು. ಹಾಗೆ ಮಾಡಿದ್ದರೆ ಓದುಗನಿಗೆ ಉಳಿಯುತ್ತಿದ್ದುದು ಯಾರಿರಬಹುದೆಂಬ ಸಣ್ಣ ಕುತೂಹಲ ಮಾತ್ರ. ಕಾಲಿನ್ಸ್ ಕತ್ತರಿಸಿದ ಜಾಗದಲ್ಲಿ ಇರುವುದು, ನಾಯಕ ಮಾಡಿದ್ದು ಸರಿಯೇ ತಪ್ಪೇ ಎಂಬ ಪ್ರಶ್ನೆ. ಓದುಗ ಅದನ್ನು ಮನೆಗೆ ಒಯ್ಯುತ್ತಾನೆ, ಊಟದ ಹೊತ್ತಿನಲ್ಲಿ ಮನೆಯವರೊಡನೆ ವಾದಿಸುತ್ತಾನೆ.

ನಮ್ಮಲ್ಲಿ ಗಮಕದ ಸಭೆಗೆ, ತಾಳಮದ್ದಳೆಗೆ ಹೋಗುವವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲವೆಂದು ತಿಳಿದೇ ಜನ ರಾತ್ರಿಯಿಡೀ ಕುಳಿತಿರುತ್ತಾರೆ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಅವನ ಜನ್ಮರಹಸ್ಯವನ್ನು ಹೇಳುವ ಭಾಗವನ್ನೇ ತೆಗೆದುಕೊಳ್ಳಿ. ಗಮಕಿಯೊಬ್ಬರು ಆ ರಾತ್ರಿಯ ವಾಚನವನ್ನು ಕೃಷ್ಣ ಬಾಯಿ ತೆರೆಯುವ ಮೊದಲೇ ನಿಲ್ಲಿಸಿದರೆ ಸಭೆ ಗೊಣಗೀತು. ಕೃಷ್ಣ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ಕರ್ಣ ಇನ್ನೂ ಉತ್ತರಿಸದಿರುವಾಗ ನಿಲ್ಲಿಸಿದರೆ? ಕರ್ಣನ ಉತ್ತರವೇನೆಂದು ಸಭೆಯಲ್ಲಿರುವ ಎಂಟು ವರ್ಷದ ಹುಡುಗನಿಗೂ ಗೊತ್ತು. ಆದರೂ ಆ ಭಾರವನ್ನು ಹೊತ್ತೇ ಎಲ್ಲರೂ ಮನೆಗೆ ನಡೆಯುತ್ತಾರೆ. ಉತ್ತರ ಗೊತ್ತಿದ್ದೂ ಕಾಯುವಂತೆ ಮಾಡುವ ಪ್ರಶ್ನೆಗೆ ಬಾಗಿಲು ಬಡಿತದ ಹಂಗಿಲ್ಲ.

ಹಾಗೆಂದು ಪ್ರಪಾತ, ಗುಂಡೇಟು, ಅಪಘಾತಗಳು ಕೀಳೆಂದು ನಾನು ಹೇಳುತ್ತಿಲ್ಲ. ಅವುಗಳ ಹೆಸರಿನಲ್ಲಿ ಮಾಡಿದ ಸಾಲವನ್ನು ಖೋಟಾ ನಾಣ್ಯದಲ್ಲಿ ತೀರಿಸುವುದು ಕೀಳು. ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಅಮೆರಿಕದ ಸಿನಿಮಾ ಧಾರಾವಾಹಿಗಳು ಈ ವಿದ್ಯೆಯಲ್ಲಿ ಪಳಗಿದ್ದವು. ಈ ವಾರ ನಾಯಕನ ಕಾರು ಕಣಿವೆಗೆ ಉರುಳುವುದನ್ನು ತೋರಿಸಿ, ಮುಂದಿನ ವಾರ ಅದೇ ದೃಶ್ಯವನ್ನು ಮತ್ತೆ ತೋರಿಸುವಾಗ, ಉರುಳುವ ಮೊದಲೇ ಅವನು ಹೊರಕ್ಕೆ ಹಾರಿದ್ದಂತೆ ಹೊಸ ತುಣುಕೊಂದನ್ನು ತೂರಿಸುವುದು. ಸ್ಟೀಫನ್ ಕಿಂಗ್ 1987ರಲ್ಲಿ ಬರೆದ 'ಮಿಸರಿ' ಕಾದಂಬರಿಯಲ್ಲಿ ಒಬ್ಬ ಲೇಖಕನನ್ನು ಸೆರೆಯಿಟ್ಟುಕೊಂಡ ಉನ್ಮತ್ತ ಓದುಗಿತ್ತಿ ಆ್ಯನಿ ವಿಲ್ಕ್ಸ್ ಬರುತ್ತಾಳೆ. ಬಾಲ್ಯದಲ್ಲಿ ಇಂಥದೇ ಮೋಸವನ್ನು ಪರದೆಯ ಮೇಲೆ ಕಂಡು, ಚಿತ್ರಮಂದಿರದಲ್ಲೇ ಎದ್ದು ನಿಂತು ಕಿರುಚಿದ್ದನ್ನು ಅವಳು ನೆನೆಯುತ್ತಾಳೆ. ಕಥೆ ವಾಸ್ತವವಾಗಿರಬೇಕೆಂಬ ಹಟ ಅವಳಿಗಿಲ್ಲ, ನ್ಯಾಯವಾಗಿರಬೇಕೆಂಬುದೇ ಅವಳ ವಾದ. ಕೊಡಲಿ ಹಿಡಿದವಳ ಬಾಯಿಂದ ಬಂದರೂ ಅದು ಒಪ್ಪತಕ್ಕ ಮಾತೇ.

ನ್ಯಾಯ, ಅನ್ಯಾಯ ಎರಡನ್ನೂ ಒಂದೇ ಕಡೆ ನೋಡಬೇಕಾದರೆ ಅಮೆರಿಕದ ಕಿರುತೆರೆಯ 'ಡಲ್ಲಾಸ್' ಇದೆ. 1980ರ ಮಾರ್ಚ್ 21ರ ಕಂತಿನ ಕೊನೆಯಲ್ಲಿ ಎಣ್ಣೆ ವ್ಯಾಪಾರಿ ಜೆ.ಆರ್. ಯೂಯಿಂಗ್‌ನ ಮೇಲೆ ಯಾರೋ ಗುಂಡು ಹಾರಿಸಿದರು. ಯಾರೆಂದು ತಿಳಿಯಲು ಪ್ರೇಕ್ಷಕರು ನವೆಂಬರ್ 21ರವರೆಗೆ ಕಾಯಬೇಕಾಯಿತು. ನಡುವೆ ನಟರ ಮುಷ್ಕರವೂ ಸೇರಿಕೊಂಡು ಕಾಯುವಿಕೆ ಇನ್ನಷ್ಟು ಉದ್ದವಾಗಿತ್ತು. ಎಂಟು ತಿಂಗಳು ಕಾದವರಾರೂ ತಮಗೆ ಮೋಸವಾಯಿತೆನ್ನಲು ಕಾರಣವಿರಲಿಲ್ಲ. ಜೆ.ಆರ್. ತನ್ನ ಹೆಂಡತಿಗೆ, ಪಾಲುದಾರರಿಗೆ, ವೈರಿಗಳಿಗೆ ಮಾಡಿದ ಅನ್ಯಾಯಗಳನ್ನು ಅವರು ಅಲ್ಲಿಯವರೆಗೆ ಕಣ್ಣಾರೆ ನೋಡಿದ್ದರು. ಗುಂಡು ಹಾರಿಸಲು ಹಲವರಿಗೆ ಸಕಾರಣವಿತ್ತು. ಕೊನೆಗೆ ಸಿಕ್ಕಿಬಿದ್ದವಳು ಅವನು ಬಳಸಿ ಎಸೆದಿದ್ದ ಅವನ ನಾದಿನಿ ಕ್ರಿಸ್ಟಿನ್. ಪ್ರಶ್ನೆಯೂ ಉತ್ತರವೂ ಅವನ ನಡತೆಯಿಂದಲೇ ಹುಟ್ಟಿದ್ದವು. ಇದೇ ಧಾರಾವಾಹಿ 1985ರಲ್ಲಿ ಬಾಬಿ ಎಂಬ ಜನಪ್ರಿಯ ಪಾತ್ರವನ್ನು ಸಾಯಿಸಿತು. ಒಂದು ವರ್ಷ ಅವನಿಲ್ಲದ ಕಥೆ ನಡೆಯಿತು. ನಟನನ್ನು ಮರಳಿ ಕರೆತರುವ ತೀರ್ಮಾನವಾದಾಗ, 1986ರ ಮೇ ತಿಂಗಳ ಕಂತಿನ ಕೊನೆಯಲ್ಲಿ ಬಾಬಿ ಸ್ನಾನದ ಮನೆಯಲ್ಲಿ ಪ್ರತ್ಯಕ್ಷನಾದ. ಸೆಪ್ಟೆಂಬರಿನಲ್ಲಿ ಸಿಕ್ಕ ಸಮಜಾಯಿಷಿ ಏನೆಂದರೆ, ಆ ಇಡೀ ವರ್ಷದ ಕಥೆ ಅವನ ಹೆಂಡತಿ ಕಂಡ ಕನಸು! ಆ ವರ್ಷ ಅತ್ತ ಪ್ರೇಕ್ಷಕರ ಕಣ್ಣೀರನ್ನು ಹಿಂದಿರುಗಿಸುವವರು ಯಾರು?

ನಮ್ಮ ಕಿರುತೆರೆಯ ದೈನಿಕ ಧಾರಾವಾಹಿಗಳನ್ನು ಬೈಯುವುದು ಸುಲಭ. ಒಂದೇ ಮುಖವನ್ನು ಮೂರು ಕೋನಗಳಿಂದ ತೋರಿಸಿ ಸಿಡಿಲು ಬಡಿಸುವ ಚಾಳಿಯನ್ನು ಹಾಸ್ಯಗಾರರು ಎಂದೋ ಅಣಕವಾಡಿ ಮುಗಿಸಿದ್ದಾರೆ. ವಾರಕ್ಕೈದು ರಾತ್ರಿ, ಪ್ರತಿ ರಾತ್ರಿಯ ಜಾಹೀರಾತು ವಿರಾಮಗಳಿಗೂ ಒಂದೊಂದು ಕೊಕ್ಕೆ ಹುಡುಕಬೇಕಾದ ಬರಹಗಾರರ ಪಾಡು ನನಗೆ ಅರ್ಥವಾಗುತ್ತದೆ. ನನ್ನ ತಕರಾರು ಕೊಕ್ಕೆಗಳ ಸಂಖ್ಯೆಯದಲ್ಲ. ನಿನ್ನೆಯ ಸಿಡಿಲು ಇಂದು ಯಾರನ್ನೂ ಬದಲಾಯಿಸಿರುವುದಿಲ್ಲ ಎಂಬುದು. ಸೊಸೆಯ ಕೈಯಲ್ಲಿದ್ದ ಪತ್ರವನ್ನು ಅತ್ತೆ ನೋಡಿದಳೆಂದು ಶುಕ್ರವಾರ ನಿಲ್ಲಿಸಿ, ಸೋಮವಾರ ಅದು ದೋಬಿಯ ಲೆಕ್ಕದ ಚೀಟಿಯೆಂದು ತಿಳಿದರೆ, ಎರಡು ದಿನಗಳ ನಮ್ಮ ಉದ್ವೇಗಕ್ಕೆ ಸಿಕ್ಕಿದ್ದು ಶೂನ್ಯ. ಪಾತ್ರಗಳು ಇದ್ದಲ್ಲೇ ಇರಬೇಕು, ಪ್ರೇಕ್ಷಕ ಮಾತ್ರ ಓಡುತ್ತಿರಬೇಕು. 1998ರಲ್ಲಿ ದೂರದರ್ಶನದಲ್ಲಿ ಬಂದ 'ಮಾಯಾಮೃಗ'ವನ್ನು ಮನೆಮಂದಿಯೆಲ್ಲ ಕುಳಿತು ನೋಡಿದ್ದನ್ನು ಬಲ್ಲವರಿಗೆ, ದೈನಿಕ ಕಂತು ಹೀಗೆಯೇ ಇರಬೇಕೆಂದೇನಿಲ್ಲ ಎಂಬುದೂ ಗೊತ್ತು. ಅಲ್ಲಿ ಮರುದಿನಕ್ಕೆ ಉಳಿಯುತ್ತಿದ್ದ ಪ್ರಶ್ನೆಗಳು ಬಹುಮಟ್ಟಿಗೆ ಮನುಷ್ಯರು ಏನು ಮಾಡುವರು ಎಂಬುದಕ್ಕೆ ಸಂಬಂಧಿಸಿದ್ದವು.

ಕಂತಿನ ಕೊನೆಯ ನಾಣ್ಯ ಅಸಲಿಯೋ ನಕಲಿಯೋ ಎಂದು ತಿಳಿಯಲು ಹಿಂದಿನವರ ಬಳಿ ಒಂದು ಒರೆಗಲ್ಲಿತ್ತು. ವಾರಪತ್ರಿಕೆಗಳಿಂದ ಧಾರಾವಾಹಿಯ ಹಾಳೆಗಳನ್ನು ಬಿಡಿಸಿ, ಕಥೆ ಮುಗಿದ ಮೇಲೆ ಒಟ್ಟಿಗೆ ಹೊಲಿಸಿ ಬೈಂಡ್ ಮಾಡಿಸುವ ರೂಢಿ ಎಷ್ಟೋ ಮನೆಗಳಲ್ಲಿತ್ತು. ನನ್ನ ಚಿಕ್ಕಮ್ಮ ಹೀಗೆ ಮಾಡಿಸಿದ ಹತ್ತಾರು ಸಂಪುಟಗಳು, ನಡುನಡುವೆ ಕೇಶತೈಲದ ಜಾಹೀರಾತು, ಹಿಂಬದಿಯಲ್ಲಿ ಅರ್ಧ ಅಡುಗೆ ವಿಧಾನಗಳ ಸಮೇತ, ಈಗಲೂ ನನ್ನಲ್ಲಿವೆ. ಅವುಗಳನ್ನು ಓದುವಾಗ 'ಸಶೇಷ'ದ ಮುಂದಿನ ಪುಟ ಮುಂದಿನ ವಾರದಲ್ಲಿಲ್ಲ, ಬೆರಳ ತುದಿಯಲ್ಲಿದೆ. ಕಾಯುವಿಕೆ ಕಳೆದುಹೋದ ಕೂಡಲೇ ಹುಸಿ ಕೊಕ್ಕೆಗಳು ನಾಚಿಕೆಗೇಡಾಗಿ ಕಾಣುತ್ತವೆ: ಪುಟ ತಿರುಗಿಸಿದರೆ ಬಾಗಿಲು ಬಡಿದವನು ಹಾಲಿನವನು. ಕೆಲವು ಕಂತುಗಳಲ್ಲಿ ಮಾತ್ರ, ಮುಂದಿನ ಪುಟ ಅಲ್ಲೇ ಇದ್ದರೂ, ಕೈ ಒಂದು ಕ್ಷಣ ತಡೆಯುತ್ತದೆ. ತಿಳಿದ ಸಂಗತಿಯನ್ನು ಅರಗಿಸಿಕೊಳ್ಳಲು ಹೊತ್ತು ಬೇಕಾಗುತ್ತದೆ. ಇಂದು ಬರೆಯುವವರೂ ತಮ್ಮ ಹತ್ತು ಕಂತುಗಳನ್ನು ಒಟ್ಟಿಗೆ ಮುದ್ರಿಸಿ, ಒಂದೇ ಮಧ್ಯಾಹ್ನ ಓದಿ ನೋಡಬಹುದು. ಖರ್ಚು ಮೂವತ್ತು ಹಾಳೆ ಕಾಗದ.

ಹಣದ ಮಾತಿಗೆ ಬಂದರೆ, ಗಲ್ಲಾಪೆಟ್ಟಿಗೆಯ ಒತ್ತಡವೇ ಎಲ್ಲ ಕೇಡಿಗೂ ಮೂಲವೆಂದು ಮೂಗು ಮುರಿಯುವವರೊಂದಿಗೆ ನಾನಿಲ್ಲ. 1860ರಲ್ಲಿ ಚಾರ್ಲ್ಸ್ ಲೀವರ್ ಎಂಬಾತನ ಧಾರಾವಾಹಿಯಿಂದಾಗಿ 'ಆಲ್ ದಿ ಇಯರ್ ರೌಂಡ್'ನ ಪ್ರಸಾರ ಕುಸಿಯತೊಡಗಿದಾಗ, ಅದನ್ನು ಎತ್ತಿ ನಿಲ್ಲಿಸಲೆಂದೇ ಡಿಕೆನ್ಸ್ ತಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಕಥೆಯನ್ನು ವಾರದ ಕಂತುಗಳಿಗೆ ಒಗ್ಗಿಸಿ, ಡಿಸೆಂಬರ್ 1ರಿಂದ ಪ್ರಕಟಿಸತೊಡಗಿದ. ಆ ಕಥೆಯೇ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್'. ಅದರ ಎರಡನೆಯ ಘಟ್ಟ ಮುಗಿಯುವುದು ಒಂದು ಬಿರುಗಾಳಿಯ ರಾತ್ರಿ: ತನ್ನನ್ನು ಸಭ್ಯಗೃಹಸ್ಥನನ್ನಾಗಿ ಮಾಡಿದ ಅಜ್ಞಾತ ದಾತಾರ ಯಾರೆಂದು ಪಿಪ್‌ಗೆ ತಿಳಿಯುತ್ತದೆ. ಬಾಲ್ಯದಲ್ಲಿ ಸ್ಮಶಾನದಲ್ಲಿ ಎದುರಾಗಿ ಹೆದರಿಸಿದ್ದ ಕೈದಿಯೇ ಆತ. ಗುಟ್ಟು ಬಯಲಾದಲ್ಲಿ ಘಟ್ಟ ಮುಗಿಯುತ್ತದೆ. ಅಲ್ಲಿಯವರೆಗೆ ಓದಿದ ಪ್ರತಿಯೊಂದು ಪುಟವನ್ನೂ ಓದುಗ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ಮತ್ತೆ ಓದಬೇಕಾಗುತ್ತದೆ. ಪತ್ರಿಕೆಯೂ ಚೇತರಿಸಿಕೊಂಡಿತು.

ನನ್ನ ಪರಿಚಯದ ಆ ಲೇಖಕಿಗೆ ನಾನು ಹೇಳಿದ್ದು ಇಷ್ಟೇ. ಎಲ್ಲ ಕಂತುಗಳೂ ಸಾಲ ಮಾಡಬೇಕಾಗಿಲ್ಲ. ಮೂರರಲ್ಲೊಂದು ಕಂತು ಹಳೆಯ ಬಾಕಿಯೊಂದನ್ನು ತೀರಿಸಿ, ಸುಮ್ಮನೆ ಒಂದು ಸಂಜೆಯ ಬೆಳಕಿನಲ್ಲಿ ಮುಗಿಯಲಿ. ಬಾಗಿಲು ಬಡಿಯಲೇಬೇಕೆಂದಿದ್ದರೆ ಅದನ್ನು ಕಂತಿನ ಮೊದಲಲ್ಲೇ ತೆರೆಸಿ, ಒಳಗೆ ಬಂದವರು ಆಡಿದ ಮಾತನ್ನು ಕೊನೆಗಿಡಿ. ನಾಯಕಿ ಏನನ್ನು ಕಳೆದುಕೊಳ್ಳಲಾರಳು ಎಂಬುದು ಓದುಗನಿಗೆ ಗೊತ್ತಾಗುವ ಮುನ್ನ ಅವಳನ್ನು ಅಪಾಯಕ್ಕೆ ಒಡ್ಡಬೇಡಿ. ಮುಂದಿನ ಕಂತಿನ ಮೊದಲ ಪುಟ ಬರೆದಾಗುವವರೆಗೆ ಈ ಕಂತಿನ ಕೊನೆಯ ಸಾಲನ್ನು ಯಾರಿಗೂ ಕಳುಹಿಸಬೇಡಿ. ಕೊನೆಯದನ್ನು ಕೇಳಿ ಆಕೆ ನಕ್ಕರು; ದಿನಕ್ಕೊಂದು ಕಂತು ಕೇಳುವವರ ಮುಂದೆ ಇದೆಲ್ಲ ನಡೆಯುವುದೇ ಎಂದರು. ನಡೆಯಲಿಕ್ಕಿಲ್ಲ. ಆದರೆ ಆರು ಕಂತುಗಳನ್ನು ಮುಂಚಿತವಾಗಿ ಬರೆದಿಟ್ಟುಕೊಂಡವರು ಕೇಳುವವರೊಡನೆ ಸ್ವಲ್ಪ ಗಟ್ಟಿಯಾಗಿ ಮಾತನಾಡಬಹುದು.

ಸಾಲಗಾರನೇ ತೀರಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ಡಿಕೆನ್ಸನಲ್ಲಿ ನಿದರ್ಶನವಿದೆ. 'ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್' ಹನ್ನೆರಡು ತಿಂಗಳ ಕಂತುಗಳಲ್ಲಿ ಬರಬೇಕಿತ್ತು. 1870ರ ಜೂನ್ 9ರಂದು ಆತ ತೀರಿಕೊಂಡಾಗ ಬರೆದಾಗಿದ್ದುದು ಆರು. ಯುವಕ ಡ್ರೂಡ್ ಕಾಣೆಯಾಗಿದ್ದಾನೆ, ಅವನ ಸೋದರಮಾವ ಜಾಸ್ಪರ್‌ನ ಮೇಲೆ ನಮ್ಮೆಲ್ಲರ ಅನುಮಾನವಿದೆ, ಮುಂದಿನದು ಬರೆದಿಲ್ಲ. ಓದುಗರು ಬಾಕಿಯನ್ನು ಮನ್ನಾ ಮಾಡಲಿಲ್ಲ. ತಾವೇ ಮುಂದುವರಿಸಿ ಬರೆದರು, ವಾದಿಸಿದರು. 1914ರ ಜನವರಿಯಲ್ಲಿ ಲಂಡನ್ನಿನ ಡಿಕೆನ್ಸ್ ಅಭಿಮಾನಿಗಳ ಸಂಘ ಜಾಸ್ಪರ್‌ನನ್ನು ಕೊಲೆ ಆರೋಪದ ಮೇಲೆ ಅಣಕು ನ್ಯಾಯಾಲಯಕ್ಕೆ ಎಳೆಯಿತು. ನ್ಯಾಯಾಧೀಶರ ಪೀಠದಲ್ಲಿ ಜಿ.ಕೆ. ಚೆಸ್ಟರ್‌ಟನ್, ಪಂಚರ ಮುಖ್ಯಸ್ಥರಾಗಿ ಬರ್ನಾರ್ಡ್ ಷಾ. ವಾದ ಪ್ರತಿವಾದಗಳೆಲ್ಲ ಮುಗಿದ ಮೇಲೆ ಷಾ, ಇದು ಕೊಲೆಯಲ್ಲ, ಕೊಲೆಯೆನಿಸದ ನರಹತ್ಯೆ ಎಂದು ತೀರ್ಪಿತ್ತು ಎಲ್ಲರನ್ನೂ ಕೆರಳಿಸಿದರು. ಚೆಸ್ಟರ್‌ಟನ್ ತಮ್ಮೊಬ್ಬರನ್ನು ಬಿಟ್ಟು ಅಲ್ಲಿದ್ದ ಪ್ರತಿಯೊಬ್ಬರಿಗೂ ನ್ಯಾಯಾಲಯ ನಿಂದನೆಗಾಗಿ ದಂಡ ವಿಧಿಸಿ ಸಭೆಯನ್ನು ಮುಗಿಸಿದರು.